ಟ್ರಿಪಲ್ ಜಂಪ್ ಪಟುವಿನ ಕ್ರೀಡಾಜೀವನವನ್ನು ಓದುವ ಬಗೆ: ಪೋಲೆಂಡಿನ ಯೂಜೆಫ್ ಷ್ಮಿಟ್ ಅವರ ಅಂಕಿಗಳ ಆಧಾರದಲ್ಲಿ

1960ರ ಆಗಸ್ಟ್ 5ರಂದು ಪೋಲೆಂಡಿನ ಓಲ್ಷ್ಟಿನ್ ನಗರದಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಯೂಜೆಫ್ ಷ್ಮಿಟ್ ಎಂಬ ಇಪ್ಪತ್ತೈದು ವರ್ಷದ ತರುಣ ಟ್ರಿಪಲ್ ಜಂಪ್‌ನಲ್ಲಿ 17.03 ಮೀಟರ್ ದೂರ ಜಿಗಿದರು. ಈ ಸ್ಪರ್ಧೆಯಲ್ಲಿ 17 ಮೀಟರ್ ಮೀರಿದ ಮೊದಲಿಗರು ಅವರೇ. ಅವರ ಹೆಸರನ್ನು ಬಲ್ಲವರು ಸಾಮಾನ್ಯವಾಗಿ ಈ ಒಂದು ಸಂಖ್ಯೆಯನ್ನೂ, 1960ರ ರೋಮ್ ಮತ್ತು 1964ರ ಟೋಕಿಯೊ ಒಲಿಂಪಿಕ್ಸ್‌ಗಳಲ್ಲಿ ಅವರಿಗೆ ಬಂದ ಎರಡು ಚಿನ್ನದ ಪದಕಗಳನ್ನೂ ನೆನಪಿನಲ್ಲಿ ಇಟ್ಟುಕೊಂಡಿರುತ್ತಾರೆ. ಆದರೆ ಒಬ್ಬ ಜಿಗಿತಗಾರನ ಹತ್ತು ಹನ್ನೆರಡು ವರ್ಷಗಳ ದುಡಿಮೆಯನ್ನು ಅತ್ಯುತ್ತಮ ದೂರ ಮತ್ತು ಪದಕ ಎಂಬ ಎರಡೇ ಖಾನೆಗಳಲ್ಲಿ ತುಂಬಿಸಿದರೆ ಅದರ ಬಹುಪಾಲು ಹೊರಗೇ ಉಳಿದುಬಿಡುತ್ತದೆ. ಫಲಿತಾಂಶದ ಹಾಳೆಗಳನ್ನು ಮುಂದೆ ಹರಡಿಕೊಂಡು, ಪ್ರತಿಯೊಂದು ಅಂಕಿಯನ್ನೂ ಅದು ಹುಟ್ಟಿದ ದಿನ, ನೆಲ, ಎದುರಾಳಿ ಮತ್ತು ದೇಹಸ್ಥಿತಿಗಳ ಜೊತೆಗೆ ಇಟ್ಟು ಓದುವುದು ಹೇಗೆ ಎಂಬುದನ್ನು ಇಲ್ಲಿ ಷ್ಮಿಟ್ ಅವರ ಉದಾಹರಣೆಯಿಂದಲೇ ವಿವರಿಸಲಾಗಿದೆ. ಕಲಿತ ಮೇಲೆ ಇದೇ ಕ್ರಮವನ್ನು ಬೇರೆ ಯಾವ ಜಿಗಿತಗಾರನಿಗಾದರೂ, ನಿಮ್ಮ ಜಿಲ್ಲೆಯ ಕಾಲೇಜು ಕೂಟದಲ್ಲಿ ಜಿಗಿಯುವ ಹುಡುಗಿಯ ದಾಖಲೆಗಳಿಗಾದರೂ ಬಳಸಬಹುದು.

ಮೊದಲ ಕೆಲಸ: ಪಟ್ಟಿ ಸಿದ್ಧಪಡಿಸುವುದು

ಒಂದು ದೊಡ್ಡ ಹಾಳೆಯಲ್ಲಿ ಗೆರೆ ಹಾಕಿಕೊಂಡು ದಿನಾಂಕ, ಸ್ಥಳ, ಕೂಟ, ದೂರ ಮತ್ತು ಸ್ಥಾನ ಎಂಬ ಅಂಕಣಗಳನ್ನು ಮಾಡಿಕೊಳ್ಳಿ. ಅವುಗಳ ಪಕ್ಕದಲ್ಲಿ ಕ್ರೀಡಾಪುಸ್ತಕಗಳು ಸಾಮಾನ್ಯವಾಗಿ ಕೊಡದ ಮೂರು ಅಂಕಣಗಳನ್ನು ಸೇರಿಸಿ: ಆ ದಿನ ಪಟುವಿನ ವಯಸ್ಸು, ಎರಡನೆಯ ಸ್ಥಾನದವನಿಗಿಂತ ಎಷ್ಟು ಮುಂದೆ ಅಥವಾ ಗೆದ್ದವನಿಗಿಂತ ಎಷ್ಟು ಹಿಂದೆ ಇದ್ದ ಎಂಬುದು, ಮತ್ತು ಅವನ ಜೀವಮಾನದ ಅತ್ಯುತ್ತಮ ಜಿಗಿತಕ್ಕಿಂತ ಈ ಜಿಗಿತ ಎಷ್ಟು ಕಡಿಮೆ ಎಂಬುದು. ಮುಂದಿನ ಓದೆಲ್ಲ ಹೆಚ್ಚಾಗಿ ಈ ಮೂರು ಅಂಕಣಗಳ ಮೇಲೆಯೇ ನಿಂತಿದೆ.

ಷ್ಮಿಟ್ ಅವರ ಪಟ್ಟಿಯಲ್ಲಿ ಬರಬೇಕಾದ ಮುಖ್ಯ ಸಾಲುಗಳು ಇವು. ಅವರು ಹುಟ್ಟಿದ್ದು 1935ರ ಮಾರ್ಚ್ 28ರಂದು. 1958ರಲ್ಲಿ ಸ್ಟಾಕ್‌ಹೋಮ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 16.43 ಮೀಟರ್ ಜಿಗಿದು ಚಿನ್ನ ಗೆದ್ದರು. 1960ರ ಆಗಸ್ಟ್‌ನಲ್ಲಿ ಓಲ್ಷ್ಟಿನ್‌ನ ವಿಶ್ವದಾಖಲೆ ಬಂತು. ಅದಾದ ಒಂದು ತಿಂಗಳಿಗೆ, ಸೆಪ್ಟೆಂಬರ್ 6ರಂದು, ರೋಮ್‌ನಲ್ಲಿ 16.81 ಮೀಟರಿನೊಂದಿಗೆ ಒಲಿಂಪಿಕ್ ಚಿನ್ನ ಬಂತು. 1962ರಲ್ಲಿ ಬೆಲ್‌ಗ್ರೇಡ್‌ನಲ್ಲಿ 16.55 ಮೀಟರ್ ಜಿಗಿದು ಯುರೋಪಿಯನ್ ಪಟ್ಟವನ್ನು ಉಳಿಸಿಕೊಂಡರು. 1964ರ ಅಕ್ಟೋಬರ್ 16ರಂದು ಟೋಕಿಯೊದಲ್ಲಿ 16.85 ಮೀಟರಿನೊಂದಿಗೆ ಎರಡನೆಯ ಒಲಿಂಪಿಕ್ ಚಿನ್ನ ಪಡೆದರು. 1966ರ ಬುಡಾಪೆಸ್ಟ್ ಯುರೋಪಿಯನ್ ಕೂಟದಲ್ಲಿ ಪದಕ ಬರಲಿಲ್ಲ. 1968ರಲ್ಲಿ ಮೆಕ್ಸಿಕೊ ನಗರದಲ್ಲಿ 16.89 ಮೀಟರ್ ಜಿಗಿದರೂ ಏಳನೆಯ ಸ್ಥಾನ ಸಿಕ್ಕಿತು.

ಹುಡುಕುವಾಗ ಒಂದು ಎಚ್ಚರ ಬೇಕು. ಷ್ಮಿಟ್ ಹುಟ್ಟಿದ ಮೇಲಿನ ಸಿಲೇಸಿಯಾದ ಮಿಯೆಖೊವಿತ್ಸೆ ಆಗ ಜರ್ಮನಿಯಲ್ಲಿತ್ತು. ಎರಡನೆಯ ಮಹಾಯುದ್ಧದ ನಂತರ ಆ ಪ್ರದೇಶ ಪೋಲೆಂಡಿಗೆ ಸೇರಿತು, ಆ ಊರು ಈಗ ಬಿಟೊಮ್ ನಗರದ ಭಾಗವಾಗಿದೆ. ಹೀಗಾಗಿ ಅವರ ಹೆಸರು ಕೆಲವು ಹಾಳೆಗಳಲ್ಲಿ ಪೋಲಿಷ್ ಕಾಗುಣಿತದಲ್ಲಿಯೂ ಕೆಲವು ಹಾಳೆಗಳಲ್ಲಿ ಜರ್ಮನ್ ಕಾಗುಣಿತದಲ್ಲಿಯೂ ಸಿಗುತ್ತದೆ. ಎರಡನ್ನೂ ನೋಡದಿದ್ದರೆ ಸಾಲುಗಳು ತಪ್ಪಿಹೋಗುತ್ತವೆ. ಗಡಿಗಳು ಸರಿದ ಯಾವುದೇ ನಾಡಿನ ಪಟುಗಳ ವಿಷಯದಲ್ಲಿಯೂ ಇದು ನೆನಪಿರಲಿ.

ಒಂದು ದೂರವನ್ನು ಮೂರಾಗಿ ಒಡೆಯುವುದು

ಟ್ರಿಪಲ್ ಜಂಪ್‌ನ ಅಂಕಿ ಉದ್ದ ಜಿಗಿತದ ಅಂಕಿಯಂತಲ್ಲ. ಅದು ಮೂರು ಬೇರೆ ಬೇರೆ ಜಿಗಿತಗಳ ಮೊತ್ತ. ಓಟದ ಹಾದಿಯ ಕೊನೆಯಲ್ಲಿ ಜಿಗಿಯಲೆಂದು ಇಟ್ಟ ಹಲಗೆಯಿಂದ ಎದ್ದ ಕಾಲಿನ ಮೇಲೆಯೇ ಇಳಿಯುವುದು ಹಾಪ್, ಅಲ್ಲಿಂದ ಇನ್ನೊಂದು ಕಾಲಿಗೆ ಹೋಗುವುದು ಸ್ಟೆಪ್, ಆ ಕಾಲಿನಿಂದ ಎದ್ದು ಮರಳಿನಲ್ಲಿ ಬೀಳುವುದು ಜಂಪ್. ಈ ಮೂರರ ಅಳತೆಗಳು ಪ್ರತ್ಯೇಕವಾಗಿ ಸಿಕ್ಕಿದಾಗ ಅವನ್ನು ಬಿಡದೆ ಬರೆದುಕೊಳ್ಳಬೇಕು, ಏಕೆಂದರೆ ಒಬ್ಬ ಪಟು ಹೇಗೆ ಯೋಚಿಸಿದ, ಅವನ ತರಬೇತುದಾರ ಯಾವುದಕ್ಕೆ ಬೆಲೆ ಕೊಟ್ಟ ಎಂಬುದು ಅಲ್ಲಿಯೇ ಕಾಣುತ್ತದೆ.

ಓಲ್ಷ್ಟಿನ್‌ನ 17.03 ಮೀಟರನ್ನು ಒಡೆದಾಗ ಹಾಪ್ 5.99, ಸ್ಟೆಪ್ 5.02, ಜಂಪ್ 6.02 ಮೀಟರ್ ಎಂದು ದಾಖಲಾಗಿದೆ. ಪ್ರತಿಯೊಂದನ್ನೂ ಒಟ್ಟು ದೂರದಿಂದ ಭಾಗಿಸಿ ನೂರರಿಂದ ಗುಣಿಸಿ. ಹಾಪ್ ಶೇ 35.2, ಸ್ಟೆಪ್ ಶೇ 29.5, ಜಂಪ್ ಶೇ 35.3 ಎಂದು ಬರುತ್ತದೆ. ಇನ್ನು ಈ ಪ್ರಮಾಣಗಳನ್ನು ವರ್ಗೀಕರಿಸಬೇಕು. ಕ್ರೀಡಾ ಚಲನಶಾಸ್ತ್ರದ ವಿದ್ವಾಂಸ ಜೇಮ್ಸ್ ಹೇ ಅವರು ಹಾಕಿಕೊಟ್ಟ ಸೂತ್ರ ಇದಕ್ಕೆ ಸಾಕು: ಹಾಪ್‌ನ ಪಾಲು ಅದರ ನಂತರದ ದೊಡ್ಡ ಪಾಲಿಗಿಂತ ಕನಿಷ್ಠ ಎರಡು ಶೇಕಡಾಂಶ ಹೆಚ್ಚಿದ್ದರೆ ಆ ಜಿಗಿತ ಹಾಪ್ ಪ್ರಧಾನ, ಕೊನೆಯ ಜಂಪ್‌ನ ಪಾಲು ಹಾಗೆ ಹೆಚ್ಚಿದ್ದರೆ ಜಂಪ್ ಪ್ರಧಾನ, ಎರಡೂ ಅಲ್ಲದಿದ್ದರೆ ಸಮತೋಲನದ ಜಿಗಿತ. ಷ್ಮಿಟ್ ಅವರ ಹಾಪ್‌ಗೂ ಜಂಪ್‌ಗೂ ಇರುವ ವ್ಯತ್ಯಾಸ ಮೂರೇ ಸೆಂಟಿಮೀಟರ್. ಇದಕ್ಕಿಂತ ಸಮವಾದ ಹಂಚಿಕೆ ಸಿಗುವುದು ಕಷ್ಟ.

ಈ ಹಂಚಿಕೆ ಆಕಸ್ಮಿಕವಾಗಿ ಬಂದದ್ದಲ್ಲ. ಆ ಕಾಲದ ಸೋವಿಯತ್ ಜಿಗಿತಗಾರರು ಬಲಿಷ್ಠವಾದ, ಎತ್ತರದ ಹಾಪ್‌ನ ಮೇಲೆ ನಂಬಿಕೆ ಇಟ್ಟಿದ್ದರು. ಹಾಪ್ ಎತ್ತರವಾದಷ್ಟೂ ಮೊದಲ ಹಂತದ ದೂರ ಹೆಚ್ಚುತ್ತದೆ, ನಿಜ. ಆದರೆ ಅಷ್ಟೇ ಎತ್ತರದಿಂದ ದೇಹ ಕೆಳಗೆ ಬೀಳುವಾಗ ಕಾಲಿನ ಮೇಲೆ ಬೀಳುವ ಹೊಡೆತ ದೊಡ್ಡದಾಗಿ, ಮುಂದಕ್ಕೆ ಹೋಗುವ ವೇಗ ಅಲ್ಲಿಯೇ ತುಂಬ ಖರ್ಚಾಗುತ್ತದೆ. ಉಳಿದ ಎರಡು ಹಂತಗಳು ಆ ಖರ್ಚನ್ನು ಭರಿಸಬೇಕಾಗುತ್ತದೆ. ಷ್ಮಿಟ್ ಅವರ ತರಬೇತುದಾರ ತಾದೆಯುಷ್ ಸ್ಟಾಜಿನ್‌ಸ್ಕಿ ಬೇರೆ ದಾರಿ ಹಿಡಿದರು. ವೇಗವಾಗಿ ಓಡಿಬಂದು, ಹಾಪನ್ನು ತಗ್ಗಾಗಿಯೂ ಮುಂದಕ್ಕೆ ಚಾಚಿದಂತೆಯೂ ಮಾಡಿ, ಪ್ರತಿಯೊಂದು ನೆಲಸ್ಪರ್ಶದಲ್ಲೂ ವೇಗವನ್ನು ಆದಷ್ಟು ಉಳಿಸಿಕೊಂಡು ಕೊನೆಯ ಜಂಪ್‌ಗೆ ತಲುಪುವುದು ಈ ದಾರಿ. ಕಲ್ಲೆಸೆದಾಗ ಕೆರೆಯ ನೀರಿನ ಮೇಲೆ ಅದು ಪುಟಿಯುತ್ತ ಸಾಗುವುದನ್ನು ಕಂಡವರಿಗೆ ಈ ತಂತ್ರದ ತರ್ಕ ಬೇಗ ಹೊಳೆಯುತ್ತದೆ. ತರಬೇತುದಾರರು ಇದನ್ನು ಪೋಲಿಷ್ ಶೈಲಿ, ಅಥವಾ ಚಪ್ಪಟೆ ಜಿಗಿತ ಎಂದು ಕರೆಯುತ್ತಾರೆ. ಇದಕ್ಕೆ ಬೇಕಾದ ವೇಗ ಷ್ಮಿಟ್ ಅವರ ಕಾಲುಗಳಲ್ಲಿ ಇತ್ತು. ಅವರ ಅಣ್ಣ ಎಡ್ವರ್ಡ್ ಕೂಡ ಓಟಗಾರರಾಗಿ 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಪಾಲ್ಗೊಂಡವರು.

ಈ ಲೆಕ್ಕದ ಬೆಲೆ ತಿಳಿಯಬೇಕಾದರೆ ಅದೇ ಸೂತ್ರವನ್ನು ಇನ್ನೊಂದು ಜಿಗಿತದ ಮೇಲೆ ಹಾಕಿ ನೋಡಬೇಕು. ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 1995ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಮಾಡಿದ 18.29 ಮೀಟರಿನ ವಿಶ್ವದಾಖಲೆಯಲ್ಲಿ ಹಾಪ್ 6.05, ಸ್ಟೆಪ್ 5.22, ಜಂಪ್ 7.02 ಮೀಟರ್. ಎರಡನ್ನೂ ಒಂದರ ಕೆಳಗೊಂದು ಬರೆದು ಕಳೆಯಿರಿ. ಹಾಪ್‌ನಲ್ಲಿ ಎಡ್ವರ್ಡ್ಸ್ ಗಳಿಸಿದ ಹೆಚ್ಚಳ 6 ಸೆಂಟಿಮೀಟರ್, ಸ್ಟೆಪ್‌ನಲ್ಲಿ 20 ಸೆಂಟಿಮೀಟರ್, ಕೊನೆಯ ಜಂಪ್‌ನಲ್ಲಿ ಪೂರ್ತಿ ಒಂದು ಮೀಟರ್. ಮೂವತ್ತೈದು ವರ್ಷಗಳಲ್ಲಿ ವಿಶ್ವದಾಖಲೆ ಬೆಳೆದ 1.26 ಮೀಟರಿನಲ್ಲಿ ಒಂದು ಮೀಟರ್ ಕೊನೆಯ ಹಂತದಿಂದಲೇ ಬಂದಿದೆ ಎಂದರೆ, ವೇಗವನ್ನು ಕೊನೆಯವರೆಗೆ ಉಳಿಸಿಕೊಂಡವನಿಗೇ ದೂರ ಸಿಗುತ್ತದೆ ಎಂಬ ವಿಚಾರ ಎಷ್ಟು ಸರಿಯಾಗಿತ್ತು ಎಂಬುದು ಕಾಣುತ್ತದೆ. ಎಡ್ವರ್ಡ್ಸ್ ಅವರದು ಜಂಪ್ ಪ್ರಧಾನ ಜಿಗಿತ. ಆ ದಿಕ್ಕಿಗೆ ಬಾಗಿಲು ತೆರೆದವರಲ್ಲಿ ಷ್ಮಿಟ್ ಮತ್ತು ಸ್ಟಾಜಿನ್‌ಸ್ಕಿ ಮುಖ್ಯರು ಎಂದು ನಾನು ದೃಢವಾಗಿ ನಂಬುತ್ತೇನೆ. ಕ್ರೀಡೆಯ ಚರಿತ್ರೆ ಬರೆಯುವವರು ಈ ಜೋಡಿಗೆ ಕೊಡುವ ಸ್ಥಳ ಇನ್ನೂ ಸಾಲದು.

ಒಂದು ಮಾತು: ಎಲ್ಲ ಜಿಗಿತಗಳ ಮೂರು ಅಳತೆಗಳೂ ಸಿಗುವುದಿಲ್ಲ. ಸಿಗದಿದ್ದಲ್ಲಿ ಊಹಿಸಿ ತುಂಬಬೇಡಿ. ಖಾನೆ ಖಾಲಿ ಇರಲಿ. ವಿಡಿಯೊ ಇದ್ದರೆ ಪಟುವಿನ ಸೊಂಟದ ಎತ್ತರವನ್ನು ಗಮನಿಸಿ. ಹಾಪ್‌ನಲ್ಲಿ ಸೊಂಟ ತುಂಬ ಮೇಲೆದ್ದು ಸ್ಟೆಪ್‌ನಲ್ಲಿ ಕುಸಿದಂತೆ ಕಂಡರೆ ಅವನು ಎತ್ತರದ ಹಾಪ್‌ನ ಕಡೆಯವನು; ಮೂರು ಹಂತಗಳಲ್ಲಿಯೂ ಸೊಂಟ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಸಾಗಿದರೆ ಚಪ್ಪಟೆ ಜಿಗಿತದ ಕಡೆಯವನು.

ನೆಲ, ಗಾಳಿ, ಎತ್ತರ

ಇದಾದ ಮೇಲೆ ಪ್ರತಿಯೊಂದು ಸಾಲಿನ ಪಕ್ಕದಲ್ಲಿ ಆ ಕೂಟದ ನೆಲ ಯಾವುದು ಎಂದು ಬರೆಯಿರಿ. ಷ್ಮಿಟ್ ಗೆದ್ದ ಪಟ್ಟಗಳೂ ಅವರ ವಿಶ್ವದಾಖಲೆಯೂ ಬಂದದ್ದು ಕಿಟ್ಟದ ಪುಡಿ ಹಾಸಿದ ಸಿಂಡರ್ ಓಟದ ಹಾದಿಗಳ ಕಾಲದಲ್ಲಿ. ಮಳೆ ಬಂದರೆ ಆ ಹಾದಿ ಮೆತ್ತಗಾಗುತ್ತಿತ್ತು, ಒಣಗಿದರೆ ಸಡಿಲವಾಗುತ್ತಿತ್ತು, ಮೊದಲು ಓಡಿದವರ ಮುಳ್ಳುಬೂಟುಗಳು ಅದನ್ನು ಕೆದಕಿ ಹಾಕುತ್ತಿದ್ದವು. ಉದ್ದ ಜಿಗಿತಗಾರನಿಗೆ ಹಲಗೆಯ ಮೇಲೆ ಒಮ್ಮೆ ಮಾತ್ರ ಕಾಲೂರಿದರೆ ಸಾಕು. ಟ್ರಿಪಲ್ ಜಂಪ್‌ನವನು ಹಲಗೆಯ ನಂತರ ಇನ್ನೂ ಎರಡು ಬಾರಿ ಅದೇ ಪುಡಿ ನೆಲದ ಮೇಲೆ ಪೂರ್ತಿ ಭಾರ ಹಾಕಿ ಏಳಬೇಕು. ಆದ್ದರಿಂದ 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಬಂದ ಟಾರ್ಟನ್ ಎಂಬ ಕೃತಕ ನೆಲ ಬೇರೆ ಜಿಗಿತಗಳಿಗಿಂತ ಈ ಸ್ಪರ್ಧೆಗೆ ಹೆಚ್ಚು ಲಾಭ ತಂದಿತು. ಅದರ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ನೇರವಾಗಿ ಹೋಲಿಸಬೇಡಿ. ನಿಮ್ಮ ಪಟ್ಟಿಯಲ್ಲಿ 1968ರ ಮೇಲೆ ಒಂದು ದಪ್ಪ ಗೆರೆ ಎಳೆಯಿರಿ.

ನಿಯಮಗಳೂ ಬದಲಾಗಿವೆ. ಅಂದು ಹಾಪ್ ಅಥವಾ ಸ್ಟೆಪ್ ನಡುವೆ ತೂಗಾಡುವ ಕಾಲು ನೆಲಕ್ಕೆ ತಗುಲಿದರೂ ಆ ಯತ್ನ ಫೌಲ್ ಆಗುತ್ತಿತ್ತು; ಇಂದು ಆಗುವುದಿಲ್ಲ. ತಗ್ಗಾಗಿ ಸಾಗುವ ಜಿಗಿತಗಾರನಿಗೆ ಆ ನಿಯಮ ಹೆಚ್ಚು ಅಪಾಯದ್ದು ಎಂಬುದನ್ನು ಷ್ಮಿಟ್ ಅವರ ವಿಷಯದಲ್ಲಿ ಮರೆಯಬಾರದು.

ಗಾಳಿಯ ವಿಷಯ ಸರಳ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರಿಗಿಂತ ಹೆಚ್ಚಿದ್ದರೆ ದೂರವನ್ನು ದಾಖಲೆಗೆ ಪರಿಗಣಿಸುವುದಿಲ್ಲ, ಆದರೆ ಕೂಟದ ಸ್ಥಾನ ಮತ್ತು ಪದಕ ಹಾಗೆಯೇ ಉಳಿಯುತ್ತವೆ. ಹೀಗಾಗಿ ಗಾಳಿಯ ಅಂಕಿಯನ್ನು ದೂರವನ್ನು ತೂಗುವಾಗ ಮಾತ್ರ ನೋಡಿ, ಸ್ಥಾನವನ್ನು ತೂಗುವಾಗ ಬೇಡ.

ಎತ್ತರದ ಪ್ರಭಾವ ಇದಕ್ಕಿಂತ ಸೂಕ್ಷ್ಮ. ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿರುವ ಊರಿನ ಫಲಿತಾಂಶಗಳಿಗೆ ಪಟ್ಟಿಗಳಲ್ಲಿ ವಿಶೇಷ ಗುರುತು ಹಾಕುವ ರೂಢಿಯಿದೆ, ಏಕೆಂದರೆ ತೆಳುವಾದ ಗಾಳಿಯಲ್ಲಿ ಓಟದ ವೇಗ ಹೆಚ್ಚುತ್ತದೆ. ಮೆಕ್ಸಿಕೊ ನಗರ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಬ್ರೆಜಿಲ್‌ನ ಅದೆಮಾರ್ ಡ ಸಿಲ್ವಾ 1955ರಲ್ಲಿ 16.56 ಮೀಟರಿನ ವಿಶ್ವದಾಖಲೆ ಮಾಡಿದ್ದು ಅಲ್ಲಿಯೇ. ಓಲ್ಷ್ಟಿನ್ ಇರುವುದು ಪೋಲೆಂಡಿನ ಉತ್ತರದ ತಗ್ಗುನಾಡಿನಲ್ಲಿ. ಷ್ಮಿಟ್ ಅವರ 17.03ಕ್ಕೆ ಎತ್ತರದ ಸಹಾಯ ಸ್ವಲ್ಪವೂ ಇರಲಿಲ್ಲ. ನಮ್ಮ ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಕಂಠೀರವ ಕ್ರೀಡಾಂಗಣದ ಫಲಿತಾಂಶಗಳಿಗೆ ಆ ಗುರುತು ಬೀಳುವುದಿಲ್ಲ. ಆದರೂ ಮಂಗಳೂರಿನ ಕಡಲತಡಿಯಲ್ಲಿ ಜಿಗಿದ ದೂರವನ್ನೂ ಬೆಂಗಳೂರಿನ ದೂರವನ್ನೂ ಪಕ್ಕದಲ್ಲಿಟ್ಟು ನೋಡುವವರು ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಎಚ್ಚರಗಳು ಏಕೆ ಬೇಕು ಎಂಬುದಕ್ಕೆ ಭಾರತದ ಒಂದು ಉದಾಹರಣೆಯಿದೆ. 2022ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೇರಳದ ಎಲ್ದೋಸ್ ಪಾಲ್ ಚಿನ್ನ ಗೆದ್ದ ದೂರವೂ ಸರಿಯಾಗಿ 17.03 ಮೀಟರ್, 17.02 ಮೀಟರಿನೊಂದಿಗೆ ಬೆಳ್ಳಿ ಗೆದ್ದವರು ಅಬ್ದುಲ್ಲ ಅಬೂಬಕರ್. ಅರುವತ್ತೆರಡು ವರ್ಷಗಳ ಅಂತರದಲ್ಲಿ ಒಂದೇ ಸಂಖ್ಯೆ ಎರಡು ಬೇರೆ ಅರ್ಥಗಳನ್ನು ಕೊಡುತ್ತದೆ. ಒಂದು ಯಾರೂ ಮುಟ್ಟದ ಮೇರೆಯನ್ನು ಸಿಂಡರ್ ನೆಲದ ಮೇಲೆ ದಾಟಿದ ಸಂಖ್ಯೆ. ಇನ್ನೊಂದು ಒತ್ತಡದ ಫೈನಲ್‌ನಲ್ಲಿ ಭಾರತಕ್ಕೆ ಈ ಸ್ಪರ್ಧೆಯ ಮೊದಲ ಕಾಮನ್‌ವೆಲ್ತ್ ಚಿನ್ನವನ್ನು ತಂದ ಸಂಖ್ಯೆ. ಎರಡನ್ನೂ ಗೌರವಿಸಬೇಕಾದರೆ ಎರಡನ್ನೂ ಅವುಗಳ ಸ್ಥಳದಲ್ಲಿಟ್ಟೇ ಓದಬೇಕು.

ಎದುರಿಗೆ ಯಾರಿದ್ದರು

ದಾಖಲೆಯ ಬೆಲೆ ತಿಳಿಯಲು ಅದಕ್ಕಿಂತ ಹಿಂದಿನ ದಾಖಲೆಗಳನ್ನು ಕ್ರಮವಾಗಿ ಬರೆದು ನಡುವಿನ ಅಂತರಗಳನ್ನು ನೋಡುವುದು ಅತ್ಯುತ್ತಮ ದಾರಿ. ಡ ಸಿಲ್ವಾ 1955ರಲ್ಲಿ 16.56, ಸೋವಿಯತ್ ಒಕ್ಕೂಟದ ಒಲೆಗ್ ರ್ಯಾಖೋವ್‌ಸ್ಕಿ 1958ರಲ್ಲಿ 16.59, ಅವರದೇ ನಾಡಿನ ಒಲೆಗ್ ಫೆದೊಸೆಯೆವ್ 1959ರಲ್ಲಿ 16.70 ಮೀಟರ್. ಅಂತರಗಳು ಮೂರು ಸೆಂಟಿಮೀಟರ್, ಹನ್ನೊಂದು ಸೆಂಟಿಮೀಟರ್. ಆಮೇಲೆ ಷ್ಮಿಟ್ ಒಂದೇ ಜಿಗಿತದಲ್ಲಿ ಮೂವತ್ತಮೂರು ಸೆಂಟಿಮೀಟರ್ ಸೇರಿಸಿದರು. ಆ ದಾಖಲೆ ಎಂಟು ವರ್ಷ ಉಳಿದದ್ದು ಆಶ್ಚರ್ಯವಲ್ಲ.

ಪಟ್ಟಗಳನ್ನು ತೂಗುವಾಗ ಎರಡನೆಯವನೊಂದಿಗಿನ ಅಂತರದ ಅಂಕಣಕ್ಕೆ ಬನ್ನಿ. ಸ್ಟಾಕ್‌ಹೋಮ್‌ನಲ್ಲಿ ರ್ಯಾಖೋವ್‌ಸ್ಕಿ 16.02 ಮೀಟರಿಗೆ ನಿಂತರು. ಅಂತರ 41 ಸೆಂಟಿಮೀಟರ್. ಇಲ್ಲಿ ಒಂದು ದಿನಾಂಕವನ್ನು ಗಮನಿಸಿ: ರ್ಯಾಖೋವ್‌ಸ್ಕಿ ವಿಶ್ವದಾಖಲೆ ಮಾಡಿದ್ದು ಅದೇ 1958ರ ಜುಲೈಯಲ್ಲಿ, ಅಂದರೆ ಸ್ಟಾಕ್‌ಹೋಮ್‌ಗೆ ಕೆಲವೇ ವಾರಗಳ ಮೊದಲು. ದೊಡ್ಡ ಹೆಸರಿಲ್ಲದ ಇಪ್ಪತ್ತಮೂರರ ಪೋಲಿಷ್ ಹುಡುಗ ಹೊಸ ವಿಶ್ವದಾಖಲೆಗಾರನನ್ನು ಸೋಲಿಸಿದ ಕೂಟ ಅದು ಎಂಬುದು ಬರೀ ‘16.43, ಪ್ರಥಮ’ ಎಂಬ ಸಾಲಿನಿಂದ ತಿಳಿಯುವುದಿಲ್ಲ. ಆ ಕೂಟದಲ್ಲಿ ಪೋಲೆಂಡ್ ಒಟ್ಟು ಎಂಟು ಚಿನ್ನ ಗೆದ್ದಿತ್ತು. ಜಾವೆಲಿನ್ ಎಸೆತದ ಯಾನುಷ್ ಶಿದ್ವೊ, ದೂರದ ಓಟದ ಕ್ಷಿಷ್ಕೊವ್ಯಾಕ್ ಮುಂತಾದವರಿದ್ದ ಆ ತಂಡವನ್ನು ವುಂಡರ್‌ಟೀಮ್, ಅಂದರೆ ಅದ್ಭುತ ತಂಡ, ಎಂದು ಕರೆಯುತ್ತಿದ್ದರು, ಯಾನ್ ಮುಲಾಕ್ ಅದರ ಮುಖ್ಯ ತರಬೇತುದಾರರಾಗಿದ್ದರು. ಒಬ್ಬ ಪಟುವನ್ನು ಅವನ ಸುತ್ತಲಿನ ಗುಂಪಿನಿಂದ ಬಿಡಿಸಿ ಓದಬಾರದು. ಯುದ್ಧದಲ್ಲಿ ನೆಲಸಮವಾದ ಒಂದು ದೇಶ ಹದಿಮೂರು ವರ್ಷಗಳಲ್ಲಿ ಯುರೋಪಿನ ಮುಂಚೂಣಿಯ ಅಥ್ಲೆಟಿಕ್ಸ್ ತಂಡವನ್ನು ಕಟ್ಟಿತ್ತು, ಷ್ಮಿಟ್ ಅದರೊಳಗೆ ಬೆಳೆದವರು.

ರೋಮ್‌ನಲ್ಲಿ ಅವರು ಅರ್ಹತಾ ಸುತ್ತಿನಲ್ಲಿಯೇ 16.44 ಮೀಟರ್ ಜಿಗಿದು, ಡ ಸಿಲ್ವಾ ಮೆಲ್ಬೋರ್ನ್‌ನಲ್ಲಿ ಮಾಡಿದ್ದ 16.35 ಮೀಟರಿನ ಒಲಿಂಪಿಕ್ ದಾಖಲೆಯನ್ನು ಮುರಿದರು. ಫೈನಲ್‌ನಲ್ಲಿ ವ್ಲಾದಿಮಿರ್ ಗೊರ್ಯಾಯೆವ್ 16.63, ವಿತೋಲ್ಡ್ ಕ್ರೆಯೆರ್ 16.43 ಮೀಟರ್ ಜಿಗಿದು ಬೆಳ್ಳಿ, ಕಂಚು ಪಡೆದರು. ಅರ್ಹತಾ ಸುತ್ತಿನ ಅಂಕಿಯನ್ನು ಬಿಡದೆ ಬರೆದುಕೊಳ್ಳಿ ಎಂದು ಹೇಳುವುದು ಇದಕ್ಕೇ: ಕ್ರೆಯೆರ್ ಅವರಿಗೆ ಕಂಚು ತಂದ ದೂರವನ್ನು ಷ್ಮಿಟ್ ಫೈನಲ್‌ಗೆ ಮೊದಲೇ ಒಂದು ಸೆಂಟಿಮೀಟರಿನಿಂದ ಮೀರಿದ್ದರು.

ದೇಹದ ಲೆಕ್ಕ: ಟೋಕಿಯೊ

ಟ್ರಿಪಲ್ ಜಂಪ್‌ನಲ್ಲಿ ಹಾಪ್ ಮುಗಿಸಿ ಒಂದೇ ಕಾಲಿನ ಮೇಲೆ ಇಳಿಯುವಾಗ ಆ ಕಾಲಿನ ಮೇಲೆ ಬೀಳುವ ಬಲ ಕ್ಷಣಮಾತ್ರಕ್ಕೆ ದೇಹತೂಕದ ಹತ್ತು ಪಟ್ಟನ್ನೂ ಮೀರುವುದು ಅಳತೆಗಳಲ್ಲಿ ಕಂಡುಬಂದಿದೆ. ಇಂಥ ಇಳಿತಗಳನ್ನು ವರ್ಷಕ್ಕೆ ಸಾವಿರಾರು ಸಲ ಮಾಡುವವನ ಹಿಮ್ಮಡಿ, ಕಣಕಾಲು, ಮೊಣಕಾಲುಗಳು ಸವೆಯುವುದು ಸಹಜ. ಆದ್ದರಿಂದ ಈ ಸ್ಪರ್ಧೆಯ ಪಟುಗಳ ಪಟ್ಟಿಯಲ್ಲಿ ಎರಡು ಕೂಟಗಳ ನಡುವೆ ದೀರ್ಘ ಖಾಲಿ ಕಂಡರೆ, ಅಥವಾ ಒಂದು ವರ್ಷ ದೂರಗಳು ಏಕಾಏಕಿ ಇಳಿದರೆ, ಮೊದಲು ಗಾಯದ ವಿವರಗಳನ್ನು ಹುಡುಕಿ. ಉತ್ಸಾಹ ಕುಗ್ಗಿತು, ಕಾಲ ಮುಗಿಯಿತು ಎಂಬ ತೀರ್ಮಾನಕ್ಕೆ ಅವಸರದಿಂದ ಹೋಗಬೇಡಿ.

ಷ್ಮಿಟ್ ಅವರ ವಿಷಯದಲ್ಲಿ ಆ ಖಾಲಿ ಬಂದದ್ದು ಟೋಕಿಯೊಗೆ ಮುಂಚೆ. ಅವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು, ಒಲಿಂಪಿಕ್ಸ್‌ಗೆ ಬೇಕಾದ ಸಿದ್ಧತೆಗೆ ಸಮಯ ಸಾಲದಾಗಿತ್ತು. ಅಂಥ ಸ್ಥಿತಿಯಲ್ಲಿ ಹೋಗಿ 16.85 ಮೀಟರ್ ಜಿಗಿದು, ನಾಲ್ಕು ವರ್ಷದ ಹಿಂದಿನ ತಮ್ಮದೇ ಒಲಿಂಪಿಕ್ ದಾಖಲೆಯನ್ನು ಮೀರಿ ಗೆದ್ದರು. ಫೆದೊಸೆಯೆವ್ 16.58, ವಿಕ್ತೊರ್ ಕ್ರಾವ್ಚೆಂಕೊ 16.57 ಮೀಟರ್.

ಈಗ ನಿಮ್ಮ ಪಟ್ಟಿಯ ಕೊನೆಯ ಎರಡು ಅಂಕಣಗಳನ್ನು ನೋಡಿ. ಎರಡನೆಯವನೊಂದಿಗಿನ ಅಂತರ ರೋಮ್‌ನಲ್ಲಿ 18 ಸೆಂಟಿಮೀಟರ್, ಬೆಲ್‌ಗ್ರೇಡ್‌ನಲ್ಲಿ 16 ಸೆಂಟಿಮೀಟರ್, ಟೋಕಿಯೊದಲ್ಲಿ 27 ಸೆಂಟಿಮೀಟರ್. ತಮ್ಮ ಜೀವಮಾನದ ಅತ್ಯುತ್ತಮ ದೂರಕ್ಕಿಂತ ಅವರು ರೋಮ್‌ನಲ್ಲಿ 22 ಸೆಂಟಿಮೀಟರ್ ಹಿಂದಿದ್ದರು, ಟೋಕಿಯೊದಲ್ಲಿ 18 ಸೆಂಟಿಮೀಟರ್ ಮಾತ್ರ. ವಿಶ್ವದಾಖಲೆ ಮಾಡಿ ಒಂದೇ ತಿಂಗಳಾಗಿದ್ದ ಆರೋಗ್ಯವಂತ ಷ್ಮಿಟ್‌ಗಿಂತ, ಚಿಕಿತ್ಸೆಯಾದ ಮೊಣಕಾಲಿನ ಇಪ್ಪತ್ತೊಂಬತ್ತರ ಷ್ಮಿಟ್ ಎರಡೂ ಅಳತೆಗಳಲ್ಲಿ ಮುಂದಿದ್ದಾರೆ. ನನ್ನ ದೃಷ್ಟಿಯಲ್ಲಿ ಅವರ ಕ್ರೀಡಾಜೀವನದ ಶಿಖರ ಓಲ್ಷ್ಟಿನ್ ಅಲ್ಲ, ಟೋಕಿಯೊ. ಒಳ್ಳೆಯ ದಿನ ಒಳ್ಳೆಯ ದೇಹದಿಂದ ದೊಡ್ಡ ದೂರ ಬರುವುದು ಪ್ರತಿಭೆಗೆ ಸಾಕ್ಷಿ. ಆಯ್ಕೆ ಮಾಡಿಕೊಳ್ಳಲಾಗದ ಒಂದು ದಿನ, ನಂಬಲಾಗದ ಒಂದು ಕಾಲನ್ನು ಇಟ್ಟುಕೊಂಡು ಜಗತ್ತಿನ ಎಲ್ಲರ ಮುಂದೆ ಜಿಗಿಯುವುದು ಅದಕ್ಕಿಂತ ಕಠಿಣವಾದದ್ದು. ವಿಶ್ವದಾಖಲೆಯನ್ನೇ ಮೇಲಿಡುವವರ ವಾದಕ್ಕೂ ಬಲವಿದೆ, ಆದರೆ ಅವರು ಕೂಡ ಈ ಎರಡು ಅಂಕಣಗಳನ್ನು ನೋಡಿದ ಮೇಲೆಯೇ ವಾದಿಸಲಿ ಎಂಬುದು ನನ್ನ ಕೋರಿಕೆ.

ಏಳನೆಯ ಸ್ಥಾನವನ್ನು ಓದುವುದು

ಕ್ರೀಡಾಜೀವನದ ಕೊನೆಯ ಸಾಲುಗಳನ್ನು ಬರೆಯುವವರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ: ಮೂರನೆಯ ಒಲಿಂಪಿಕ್ಸ್‌ನಲ್ಲಿ ಏಳನೆಯ ಸ್ಥಾನ. ಪಟ್ಟಿ ಮುಂದಿದ್ದರೆ ಬೇರೆಯೇ ಚಿತ್ರ ಕಾಣುತ್ತದೆ. ಮೂರು ಒಲಿಂಪಿಕ್ಸ್‌ಗಳ ದೂರಗಳನ್ನು ಮೇಲಿಂದ ಕೆಳಗೆ ಓದಿ: 16.81, 16.85, 16.89. ಪ್ರತಿ ಸಲವೂ ನಾಲ್ಕು ಸೆಂಟಿಮೀಟರ್ ಹೆಚ್ಚು. ಸ್ಥಾನಗಳನ್ನು ಓದಿ: ಒಂದು, ಒಂದು, ಏಳು. ಮೂವತ್ತಮೂರನೆಯ ವಯಸ್ಸಿನಲ್ಲಿ ಅವರು ತಮ್ಮ ಎರಡೂ ಚಿನ್ನದ ಜಿಗಿತಗಳಿಗಿಂತ ದೂರ ಜಿಗಿದಿದ್ದರು.

ಮೆಕ್ಸಿಕೊದ ಎತ್ತರ ಮತ್ತು ಕೃತಕ ನೆಲದ ಲಾಭ ಅವರಿಗೂ ಸಿಕ್ಕಿತ್ತು ಎಂಬುದನ್ನು ಇಲ್ಲಿ ಪ್ರಾಮಾಣಿಕವಾಗಿ ಕಳೆಯಲೇಬೇಕು. ಅದೇ ಲಾಭ ಉಳಿದವರಿಗೂ ಸಿಕ್ಕಿತ್ತು. ಅಕ್ಟೋಬರ್ 16ರ ಅರ್ಹತಾ ಸುತ್ತಿನಲ್ಲಿ ಇಟಲಿಯ ಜುಸೆಪ್ಪೆ ಜೆಂಟಿಲೆ 17.10 ಮೀಟರ್ ಜಿಗಿದಾಗ ಷ್ಮಿಟ್ ಅವರ ಎಂಟು ವರ್ಷದ ವಿಶ್ವದಾಖಲೆ ಅವರೇ ಸ್ಪರ್ಧಿಸುತ್ತಿದ್ದ ಕೂಟದಲ್ಲಿ ಮುರಿಯಿತು. ಮರುದಿನದ ಫೈನಲ್‌ನಲ್ಲಿ ಜೆಂಟಿಲೆ 17.22 ಮೀಟರ್ ಜಿಗಿದು ತಮ್ಮ ದಾಖಲೆಯನ್ನು ಸುಧಾರಿಸಿದರು. ಜಾರ್ಜಿಯಾದ ವಿಕ್ತೊರ್ ಸನೆಯೆವ್ ಒಂದೇ ಸೆಂಟಿಮೀಟರ್ ಹೆಚ್ಚು ಜಿಗಿದರು. ಬ್ರೆಜಿಲ್‌ನ ನೆಲ್ಸನ್ ಪ್ರುಡೆನ್ಸಿಯೊ 17.27ಕ್ಕೆ ಹೋದರು, ಸನೆಯೆವ್ ಕೊನೆಯ ಯತ್ನದಲ್ಲಿ 17.39 ಮೀಟರ್ ಜಿಗಿದು ಗೆದ್ದರು. ಆರನೆಯವರಾದ ಆಸ್ಟ್ರೇಲಿಯಾದ ಫಿಲ್ ಮೇ 17.02 ಮೀಟರ್ ಜಿಗಿದಿದ್ದರು. ಅಂದರೆ ಎರಡು ದಿನಗಳ ಹಿಂದೆ ಜಗತ್ತಿನಲ್ಲಿ ಒಬ್ಬನೇ ಅಧಿಕೃತವಾಗಿ ದಾಟಿದ್ದ 17 ಮೀಟರನ್ನು ಆ ಮಧ್ಯಾಹ್ನ ಆರು ಮಂದಿ ದಾಟಿದರು, ಅವರ ಹಿಂದೆಯೇ ಏಳನೆಯವರಾಗಿ ಷ್ಮಿಟ್ ನಿಂತರು. ಸ್ಪರ್ಧೆಯೇ ಅವರನ್ನು ಹಿಂದೆ ಹಾಕಿ ಮುಂದೆ ಹೋಯಿತು. ಅವರ ಜಿಗಿತ ಕುಗ್ಗಲಿಲ್ಲ. ಸ್ಥಾನ ಇಳಿದು ದೂರ ಏರಿದ ಇಂಥ ಸಾಲು ಯಾವ ಪಟುವಿನ ಪಟ್ಟಿಯಲ್ಲಿ ಕಂಡರೂ ಅಲ್ಲಿ ನಿಂತು, ಆ ಫೈನಲ್‌ನ ಪೂರ್ತಿ ಫಲಿತಾಂಶವನ್ನು ತರಿಸಿ ಓದಿ.

ಒಲಿಂಪಿಕ್ ಪಟ್ಟಗಳ ಸರಣಿಯನ್ನು ಇದರ ಜೊತೆಗೆ ಬರೆದುಕೊಂಡರೆ ಅವರ ಸ್ಥಾನ ಇನ್ನೂ ಸ್ಪಷ್ಟವಾಗುತ್ತದೆ. 1952 ಮತ್ತು 1956 ಡ ಸಿಲ್ವಾ, 1960 ಮತ್ತು 1964 ಷ್ಮಿಟ್, 1968, 1972, 1976 ಸನೆಯೆವ್. ಏಳು ಒಲಿಂಪಿಕ್ಸ್‌ಗಳ ಚಿನ್ನ ಮೂವರ ಬಳಿಯೇ ಉಳಿಯಿತು.

ಮೈದಾನದ ಆಚೆಗಿನ ಬದುಕಿನ ಬಗ್ಗೆ ಪಟ್ಟಿಯ ಅಡಿಯಲ್ಲಿ ಕೆಲವು ಸಾಲು ಸಾಕು. ಷ್ಮಿಟ್ ನಂತರ ಕೆಲವು ವರ್ಷ ಜರ್ಮನಿಯಲ್ಲಿದ್ದು ಪೋಲೆಂಡಿಗೆ ಮರಳಿದರು. 2024ರ ಜುಲೈಯಲ್ಲಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮುಂದಿನ ಅಭ್ಯಾಸ

ಈ ಕ್ರಮ ಕೈಗೆ ಹತ್ತಬೇಕಾದರೆ ಇನ್ನೊಬ್ಬ ಪಟುವಿನ ಪಟ್ಟಿ ಮಾಡಬೇಕು, ಅದಕ್ಕೆ ಪೋಲೆಂಡಿನವರೇ ಆದ ಜ್ದಿಸ್ವಾಫ್ ಹಾಫ್‌ಮನ್ ಒಳ್ಳೆಯ ಆಯ್ಕೆ. 1983ರಲ್ಲಿ ಹೆಲ್ಸಿಂಕಿಯಲ್ಲಿ ನಡೆದ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು 17.42 ಮೀಟರ್ ಜಿಗಿದು ಅಮೆರಿಕದ ವಿಲ್ಲಿ ಬ್ಯಾಂಕ್ಸ್ ಅವರನ್ನು 24 ಸೆಂಟಿಮೀಟರಿನಿಂದ ಹಿಂದೆ ಹಾಕಿದರು. 1985ರಲ್ಲಿ 17.53 ಮೀಟರಿನ ಪೋಲಿಷ್ ದಾಖಲೆ ಮಾಡಿದರು. ಈ ಎರಡು ಸಾಲುಗಳ ನಡುವೆ 1984ರ ಒಲಿಂಪಿಕ್ಸ್‌ನ ಖಾನೆ ಖಾಲಿಯಾಗಿ ಕಾಣುತ್ತದೆ. ಅದು ಗಾಯದ ಖಾಲಿಯಲ್ಲ, ಫಾರ್ಮ್ ಕುಸಿದ ಖಾಲಿಯೂ ಅಲ್ಲ. ಸೋವಿಯತ್ ಒಕ್ಕೂಟದೊಂದಿಗೆ ಪೋಲೆಂಡ್ ಕೂಡ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಅನ್ನು ಬಹಿಷ್ಕರಿಸಿತ್ತು. ಪಟುವಿನ ದೇಹ, ತಂತ್ರ, ಎದುರಾಳಿಗಳ ಜೊತೆಗೆ ಅವನ ದೇಶದ ರಾಜಕಾರಣಕ್ಕೂ ಒಂದು ಅಂಕಣ ಬೇಕಾಗುವುದು ಇಂಥಲ್ಲಿ. ಅದನ್ನು ಸೇರಿಸಿಕೊಂಡ ಮೇಲೆ, 2016ರ ಆಮ್‌ಸ್ಟರ್‌ಡ್ಯಾಮ್ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ 17.16 ಮೀಟರ್ ಜಿಗಿದು ಬೆಳ್ಳಿ ಗೆದ್ದ ಅವರ ಮಗ ಕರೋಲ್ ಹಾಫ್‌ಮನ್ ಅವರ ಪಟ್ಟಿಯನ್ನೂ ಪಕ್ಕದಲ್ಲಿಡಿ. ಬೇರೆ ಕಾಲ, ಬೇರೆ ನೆಲ, ಬೇರೆ ಎದುರಾಳಿಗಳ ನಡುವೆ ಒಂದೇ ಮನೆಯ ಇಬ್ಬರನ್ನು ಹೋಲಿಸುವಾಗ ಮೇಲಿನ ಪ್ರತಿಯೊಂದು ಅಂಕಣವೂ ಕೆಲಸಕ್ಕೆ ಬರುತ್ತದೆ.